ಮೊದಲ ಮುದ್ರಣ, ಲೇಖಕರ ಸಹಿ ಸಹಿತ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಹರಪನಹಳ್ಳಿಯ ಆ ಮೇಷ್ಟ್ರ ಮನೆಗೆ ಹೋದದ್ದು ಬೇಸಿಗೆಯಲ್ಲೋ ಮಳೆಗಾಲದಲ್ಲೋ ಖಚಿತವಾಗಿ ಹೇಳಲಾರೆ. ದಿನಚರಿಯಲ್ಲಿ ‘ಬಸ್ಸು ತಡ, ಪುಸ್ತಕ ಸಿಕ್ಕಿತು’ ಎಂದಷ್ಟೇ ಬರೆದುಕೊಂಡಿದ್ದೇನೆ.

ಧಾರವಾಡದಲ್ಲಿ ಎಂ.ಎ. ಮುಗಿಸಿ ಹಗರಿಬೊಮ್ಮನಹಳ್ಳಿಯ ಕಾಲೇಜಿಗೆ ಪಾಠ ಹೇಳಲು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ನನಗೊಂದು ಗೀಳು ಹತ್ತಿತು. ನಮ್ಮ ಸೀಮೆಯ ಸಿರಿವಂತ ಮನೆತನಗಳು ತಮ್ಮ ಹಿರಿಯರ ಜೀವನಚರಿತ್ರೆಯನ್ನು ನಿವೃತ್ತ ಮೇಷ್ಟ್ರುಗಳಿಂದ ಬರೆಸುತ್ತಿದ್ದವು. ಮೇಷ್ಟ್ರು ನಿಜ ಬರೆದುಬಿಟ್ಟರೆ ಗದ್ದಲ. ಎರಡನೆಯ ಮುದ್ರಣದಲ್ಲಿ ಆ ಪುಟಗಳು ಮಾಯ. ನನಗೆ ಬೇಕಾದದ್ದು ಮೊದಲ ಮುದ್ರಣ, ಅದೂ ಲೇಖಕರ ಸಹಿ ಇರುವಂಥದ್ದು. ಸಹಿ ಹಾಕಿದ ಪ್ರತಿಗಳನ್ನು ಮದುವೆಗಳಲ್ಲಿ ಉಡುಗೊರೆ ಕೊಡುತ್ತಿದ್ದರು. ಪಡೆದವರು ಓದದೆ ರದ್ದಿಗೆ ಹಾಕುತ್ತಿದ್ದರು. ಕೊಟ್ಟೂರಿನ ರದ್ದಿ ಅಂಗಡಿಯ ಸಾಹೇಬರು ಅವನ್ನು ನನಗಾಗಿ ಎತ್ತಿಡುತ್ತಿದ್ದರು.

“ಮೇಡಮ್ಮೋರ, ನೀವು ಪುಸ್ತಕ ಓದೋರಲ್ಲ ಬಿಡ್ರಿ, ಸಹಿ ತಾಳೆ ನೋಡೋ ಬ್ಯಾಂಕಿನೋರು” ಎಂದು ಕಾಡಿಸುತ್ತಿದ್ದರು.

ಎಷ್ಟು ಹುಡುಕಿದರೂ ಸಿಗದಿದ್ದದ್ದು ಹಡಗಲಿ ಕಡೆಯ ಒಬ್ಬ ದೊಡ್ಡ ಯಜಮಾನರ ಚರಿತ್ರೆ. ಅವರು ವಿಧವೆ ಸೊಸೆಯನ್ನು ತವರಿಗೆ ಅಟ್ಟಿದ ಪ್ರಸಂಗ, ಅಡುಗೆಮನೆಯಲ್ಲಿ ನಡೆದ ಮಾತುಗಳ ಸಮೇತ, ಅದರಲ್ಲಿ ಅಚ್ಚಾಗಿತ್ತಂತೆ. ಒಳಗಿನವರೇ ಯಾರೋ ಬಾಯಿಬಿಟ್ಟಿದ್ದಾರೆಂದು ಮನೆಯವರು ಕುದಿದರು. ಯಾರೆಂದು ಮಾತ್ರ ತಿಳಿಯಲಿಲ್ಲ.

ಆ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಡುಗೆ ಮಾಡಿದವಳು ನನ್ನ ಅತ್ತೆ, ಅಪ್ಪನ ಅಕ್ಕ. ಮಕ್ಕಳಿಲ್ಲದವಳು. ಆಮೇಲೆ ನಮ್ಮ ಮನೆಗೆ ಬಂದು ಇದ್ದರೂ ಪ್ರತಿ ಹಬ್ಬಕ್ಕೆ ಆ ಮನೆಯ ಮೊಮ್ಮಕ್ಕಳು ಸೀರೆ ಹಿಡಿದು ಬಂದು ಕಾಲಿಗೆ ಬೀಳುತ್ತಿದ್ದರು, ‘ದೊಡ್ಡವ್ವ’ ಎನ್ನುತ್ತಿದ್ದರು. ಅವರು ಬಂದುಹೋದ ಮೇಲೆ ಎರಡು ದಿನ ಅವಳ ಮುಖದ ಕಳೆಯೇ ಬೇರೆ ಇರುತ್ತಿತ್ತು.

ಕೊನೆಗೆ ಆ ಚರಿತ್ರೆ ಬರೆದ ಹರಪನಹಳ್ಳಿಯ ಮೇಷ್ಟ್ರನ್ನೇ ಹುಡುಕಿಕೊಂಡು ಹೋದೆ. ಯಾರ ಮನೆಯವಳೆಂದು ವಿಚಾರಿಸಿದರು, ಅತ್ತೆಯ ಹೆಸರು ಹೇಳಿದೆ. ನಕ್ಕು, ಉಳಿದಿದ್ದ ಒಂದೇ ಪ್ರತಿ ತೆಗೆದು, ‘ಇದನ್ನೆಲ್ಲ ನನಗೆ ಹೇಳಿದ ತಾಯಿಯ ಸೋದರಸೊಸೆಗೆ’ ಎಂದು ಬರೆದು ಸಹಿ ಹಾಕಿದರು. ‘ಹೇಳಿದ’ ಎಂದಿತ್ತೋ ‘ತಿಳಿಸಿದ’ ಎಂದಿತ್ತೋ, ಆಣೆ ಮಾಡಿ ಹೇಳಲಾರೆ.

ಮನೆಯಲ್ಲಿ ಏನೂ ಹೇಳದೆ ಅದನ್ನು ಉಳಿದವುಗಳ ಸಾಲಿಗೆ ಸೇರಿಸಿದೆ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಾಗದ ಬಂದರೆ ನಾನೇ ಓದಿ ಹೇಳಬೇಕಿತ್ತು.

ಮಹಾನವಮಿಗೆ ಪುಸ್ತಕಗಳನ್ನೂ ಪೂಜೆಗೆ ಇಡುವುದು ನಮ್ಮ ರೂಢಿ. ಅತ್ತೆಯೇ ಅವನ್ನೆಲ್ಲ ಮಣೆಯ ಮೇಲೆ ಜೋಡಿಸಿದ್ದಳು. ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಒಂದೊಂದರ ರಟ್ಟಿನ ಮೇಲೂ ಒಂದೊಂದು ಕುಂಕುಮದ ಬೊಟ್ಟು. ಮೇಷ್ಟ್ರು ಕೊಟ್ಟ ಪುಸ್ತಕವೊಂದೇ ತೆರೆದಿತ್ತು. ಮೊದಲ ಪುಟದ ತುಂಬ ಕಲಸಿದ ಅರಿಷಿಣ, ಅದರ ಮೇಲೆ ಕುಂಕುಮ. ಮೇಷ್ಟ್ರ ಸಾಲೂ ಇಲ್ಲ, ಸಹಿಯೂ ಇಲ್ಲ.

“ಸರಸ್ವತಿಗೆ ಕಡಿಮಿ ಹಚ್ಚಬಾರದವ್ವ” ಎಂದಳು ಅತ್ತೆ.

ಸ್ವಲ್ಪ ಹೊತ್ತಿಗೆ ಯಜಮಾನರ ಮನೆಯ ಮೊಮ್ಮಕ್ಕಳು ಬಂದರು. ದೊಡ್ಡವನು ಅಜ್ಜನ ಹೆಸರು ಕಂಡು ಪುಸ್ತಕ ಕೈಗೆತ್ತಿಕೊಂಡ. ಅವನು ಆ ಪುಟ ನೋಡಿ, ಬೆರಳಿಗೆ ಹತ್ತಿದ ಕುಂಕುಮವನ್ನು ಹಣೆಗೆ ಹಚ್ಚಿಕೊಂಡು, ಪುಸ್ತಕವನ್ನು ಇದ್ದಲ್ಲೇ ಇಟ್ಟ. ಆಮೇಲೆ ಅತ್ತೆಯ ಕಾಲಿಗೆ ಬಿದ್ದ.

ಸಹಿ ಹೋದ ಪ್ರತಿಗೆ ಸಂಗ್ರಹದಲ್ಲಿ ಬೆಲೆಯಿಲ್ಲ. ಆದರೂ ಅಂದು ನನಗೆ ದುಃಖವಾಗಲಿಲ್ಲ. ಹಾಗಂತ ಈಗ ಅನ್ನಿಸುತ್ತಿದೆಯೋ, ಆಗಲೂ ಹಾಗೆಯೇ ಇತ್ತೋ, ಗೊತ್ತಿಲ್ಲ. ಸಂಜೆಯವರೆಗೆ ನಗುನಗುತ್ತಲೇ ಓಡಾಡಿದ ನೆನಪು. ಊಟಕ್ಕೆ ಕೂತಾಗ, ಆ ಮೊಮ್ಮಕ್ಕಳು ಕೈ ತೊಳೆಯಲು ಎದ್ದುಹೋದ ಮೇಲೆ, ನನ್ನ ಎಲೆಗೆ ಹೋಳಿಗೆ ಬಡಿಸುತ್ತಿದ್ದ ಅವಳನ್ನು ಮೆಲ್ಲಗೆ ಕೇಳಿದೆ.

“ಅತ್ತಿ, ನಿನಗ ಓದಾಕ ಬರ್ತೈತೇನು?”