ಗೌರತ್ತೆಯ ಲಿಂಕ್

ನನ್ನ ಹೊಟ್ಟೆಪಾಡು ನಡೆಯುವುದೇ ‘ಲಿಂಕ್’ ಎಂಬ ಒಂದು ಪದದ ಮೇಲೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚನ್ನಗಿರಿ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಕಂಪ್ಯೂಟರ್ ಅಂಗಡಿ. ಆಧಾರಿಗೆ ಪಹಣಿ, ಪಹಣಿಗೆ ಬ್ಯಾಂಕು, ಬ್ಯಾಂಕಿಗೆ ಮೊಬೈಲು, ಹೀಗೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಕಳಿಸುವುದು ನನ್ನ ಕಸುಬು. ಬೆಳಗ್ಗೆ ನಾನು ಬಾಗಿಲು ತೆಗೆಯುವುದರೊಳಗೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಿರುತ್ತಾರೆ. “ಲಿಂಕ್ ಆಗೈತಾ ನೋಡ್ರಿ” ಎನ್ನುವಾಗ ಅವರ ಮುಖದಲ್ಲಿ ಮಗಳ ಜಾತಕ ಕೂಡಿತೇ ಎಂದು ಕೇಳುವವರ ಆತಂಕವೇ ಇರುತ್ತದೆ.

ಇಂಗ್ಲಿಷಿನವರು ಈ ಪದವನ್ನು ಸರಪಳಿಯ ಕೊಂಡಿಗೆ ಇಟ್ಟುಕೊಂಡಿದ್ದರಂತೆ. ನಮ್ಮ ಸೀಮೆಗೆ ಬಂದ ಮೇಲೆ ಅದಕ್ಕೆ ಕೈತುಂಬ ಕೆಲಸ. ಸೈಕಲ್ ಶಾಪಿನವನು ಸಡಿಲಾದ ಚೈನಿನಿಂದ ಒಂದು ಲಿಂಕ್ ತೆಗೆಯುತ್ತಾನೆ. ಹೊನ್ನಾಳಿಯಲ್ಲಿ ಇಳಿದರೆ ದಾವಣಗೆರೆಗೆ ಲಿಂಕ್ ಬಸ್ ಸಿಗುತ್ತದೆ. ಯಾರದಾದರೂ ಕೆಲಸ ಬೇಗ ಆಯಿತೆಂದರೆ ಅವನಿಗೆ ಮೇಲೆ ಲಿಂಕ್ ಇದೆ ಎಂದೇ ಅರ್ಥ. ಹುಡುಗ ಹುಡುಗಿ ಎರಡು ಸಲ ಒಟ್ಟಿಗೆ ಐಸ್‌ಕ್ರೀಂ ತಿಂದರೆ ಅದೂ ಲಿಂಕೇ. ನಂಟು, ಬಳಗ, ಬೀಗತನ ಎಂದು ನಾವು ಒಂದೊಂದಕ್ಕೂ ಒಂದೊಂದು ಮಾತು ಇಟ್ಟುಕೊಂಡಿದ್ದೆವು. ಈಗ ಅವೆಲ್ಲದರ ಪರವಾಗಿ ಈ ಮೋಟು ಪದ ಒಂದೇ ದುಡಿಯುತ್ತಿದೆ. ಅದರ ವಿಷಯದಲ್ಲಿ ಈ ಊರಿನಲ್ಲಿ ನನಗಿಂತ ಬಲ್ಲವರಿಲ್ಲವೆಂದು ನಾನು ತಿಳಿದಿದ್ದೆ, ಗೌರತ್ತೆ ಅಂಗಡಿಗೆ ಬಂದ ಆ ದಿನದವರೆಗೆ.

ಗೌರತ್ತೆ ನಮ್ಮಪ್ಪನ ತಂಗಿ, ನಲ್ಲೂರಿನಾಕೆ. ಬಸ್ಸಿನಲ್ಲಿ ಪಕ್ಕ ಕೂತವರನ್ನು “ಯಾವೂರಾತು ನಿಮ್ದು?” ಎಂದು ಶುರು ಮಾಡಿದಳೆಂದರೆ ಇಳಿಯುವುದರೊಳಗೆ ಅವರು ನಮಗೆ ಏನಾದರೂ ಆಗಿರುತ್ತಾರೆ, ತಂಗಿಯ ಬೀಗರು, ಇಲ್ಲವೇ ಓರಗಿತ್ತಿಯ ತವರಿನವರು. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವ ಚಾಳಿ ಎಂದು ಮನೆಯಲ್ಲಿ ನಾವೆಲ್ಲ ನಗುತ್ತಿದ್ದೆವು.

ಅವತ್ತು ಮಧ್ಯಾಹ್ನ ನನ್ನ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಬಂದವರೆಲ್ಲ ಹೋದರೂ ಅವರು ಏಳಲಿಲ್ಲ. ಎಲ್ಲಿಗೆ ಹೋಗಬೇಕಮ್ಮ ಎಂದರೆ “ಊರಿಗೆ” ಎಂದರು. ಯಾವ ಊರು ಎಂದಾಗ ಬಾಯಿ ತೆರೆದರು, ಹೆಸರು ಬರಲಿಲ್ಲ, ಕಣ್ಣು ತುಂಬಿ ಬಂತು. ಕೈಯಲ್ಲಿ ಚೀಲವಿಲ್ಲ, ಫೋನಿಲ್ಲ.

ನಾನು ಕಲಿತ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಹೆಬ್ಬೆಟ್ಟು ಒತ್ತಿಸೋಣವೆಂದರೆ ಯಂತ್ರ ಮೊದಲು ಆಧಾರ್ ನಂಬರ್ ಕೇಳಿತು. ಫೋಟೊ ತೆಗೆದು ನಾನಿರುವ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದೆ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಒಬ್ಬರು ಪೂರ್ತಿ ಓದದೆ ‘ಓಂ ಶಾಂತಿ’ ಎಂದು ಬರೆದರು. ಠಾಣೆಗೆ ಫೋನ್ ಮಾಡಿದರೆ ಬರುತ್ತೇವೆ, ಕೂರಿಸಿಕೊಂಡಿರಿ ಎಂದರು. ಬಿಸಿಲು ಇಳಿಯುತ್ತ ಬಂತು. ಊರೇ ಗೊತ್ತಿಲ್ಲದ ಈ ಜೀವವನ್ನು ಯಾವ ಬಸ್ಸು ಹತ್ತಿಸುವುದೆಂದು ನನಗೂ ಭಯವಾಗತೊಡಗಿತು.

ಅಷ್ಟರಲ್ಲಿ ಸಂತೆ ಮುಗಿಸಿಕೊಂಡು ಗೌರತ್ತೆ ಬಂದಳು. ವಿಷಯ ಕೇಳಿ, ಅಜ್ಜಿಯ ಪಕ್ಕ ಕೂತು ಕೈ ಹಿಡಿದುಕೊಂಡಳು. ಊರಿನ ಸುದ್ದಿಯನ್ನೇ ಎತ್ತಲಿಲ್ಲ.

“ಹೆಸ್ರೇನಕ್ಕ?”

“ತಿಪ್ಪಮ್ಮ.”

“ಜಗಳೂರು ಕಡೆ ಹೆಣ್ಮಗಳು ಕಣೋ ಇವ್ರು,” ಎಂದು ನನ್ನತ್ತ ತಿರುಗಿದಳು, “ನಮ್ ಕಡೆ ಈ ಹೆಸ್ರು ಕಮ್ಮಿ.” ಮತ್ತೆ ಅಜ್ಜಿಗೆ, “ಹಸಿರು ಬಳೆ ಹೊಸಾವು. ಯಾರ ಮನ್ಯಾಗೆ ತೊಟ್ಕಂಡ್ರಿ?”

“ಮಗಳ ಮನ್ಯಾಗೆ. ಮೊಮ್ಮಗಳ ಕೂಸಿನ್ನ ತೊಟ್ಲಿಗೆ ಹಾಕಿದ್ರು.”

“ಮಗಳ್ನ ಎಲ್ಲಿಗೆ ಕೊಟ್ಟೀರಿ?”

“ದೂರ ಕೊಟ್ವಿ. ಹೊಳೆ ದಾಟಿ, ಹೊನ್ನಾಳಿ ದಾಟಿ.”

“ಕೂಸಿಗೆ ಏನು ಹೆಸ್ರಿಟ್ರಿ?”

ತನ್ನ ಊರಿನ ಹೆಸರು ಮರೆತ ತಿಪ್ಪಮ್ಮನ ಮುಖ ಅರಳಿತು. “ಸಾನ್ವಿಕಾ” ಎಂದರು, ಒಂದಕ್ಷರ ತಪ್ಪದೆ.

ಗೌರತ್ತೆ ತನ್ನ ಹಳೇ ಕೀಪ್ಯಾಡ್ ಫೋನು ತೆಗೆದು ಹೊನ್ನಾಳಿಯ ನಾದಿನಿಗೆ ಹಚ್ಚಿದಳು. “ಹೊನ್ನಾಳಿ ದಾಟಿ ಅಂದ್ರೆ ನ್ಯಾಮತಿ ಇರ್ಬೇಕು. ಅಲ್ಲಿ ತೊಟ್ಲು ಕಾರ್ಯಕ್ಕೆ ಬಳೆ ತೊಡ್ಸಾಕೆ ಯಾರು ಬರ್ತಾರೆ?” ನಾದಿನಿಯಿಂದ ನ್ಯಾಮತಿಯ ಬಳೆಗಾರ್ತಿಯ ನಂಬರ್ ಸಿಕ್ಕಿತು. ಬಳೆಗಾರ್ತಿ ಕೂಸಿನ ಹೆಸರು ಕೇಳಿದ್ದೇ, “ಮೊನ್ನೆ ನಾನೇ ತೊಡ್ಸಿದ್ದು. ಆ ಅಜ್ಜಿದು ಸಣ್ಣ ಕೈ, ಬಾಣಂತಿ ಅಳತೀನೇ ಆತು,” ಎಂದವಳು ಫೋನಿಟ್ಟು ಆ ಮನೆಗೆ ಓಡಿದಳು. ನಾನು ಲೋಟದ ಚಹಾ ಮುಗಿಸಿರಲಿಲ್ಲ, ಅಜ್ಜಿಯ ಅಳಿಯನ ಫೋನು ಬಂತು.

ನಾನು ದಿನವಿಡೀ ಲಿಂಕ್ ಮಾಡುವವನು. ಅವತ್ತು ಲಿಂಕ್ ಆಗುವುದನ್ನು ಮೊದಲ ಸಲ ಕಣ್ಣಾರೆ ಕಂಡೆ. ಮೂರು ಹೆಂಗಸರು, ಒಂದು ಕೂಸು, ಒಂದು ಡಜನ್ ಬಳೆ. ಸರ್ವರ್ ಡೌನ್ ಎಂಬ ಮಾತೇ ಅಲ್ಲಿ ಬರಲಿಲ್ಲ. ಇಷ್ಟು ವರ್ಷ ನಾವು ನಕ್ಕಿದ್ದು ಎಂಥ ವಿದ್ಯೆಯನ್ನು ನೋಡಿ ಎಂದು ನೆನೆದು ನಾಚಿಕೆಯಾಯಿತು.

ಸಂಜೆ ಹೊತ್ತಿಗೆ ಅಳಿಯ ಬಂದ. ಐವತ್ತು ದಾಟಿದ ಗಟ್ಟಿ ಆಳು. ಅತ್ತೆಯನ್ನು ಜಗಳೂರಿಗೆ ಬಿಟ್ಟುಬರಲು ಹೊರಟವನು, ಹೊನ್ನಾಳಿಯಲ್ಲಿ ಲಿಂಕ್ ಬಸ್ಸಿಗೆ ಕಾಯುವಾಗ ನೀರಿನ ಬಾಟಲಿ ತರಲು ಹೋಗಿದ್ದನಂತೆ. ತಿರುಗಿ ಬರುವುದರೊಳಗೆ ಆಕೆ ಕಂಡ ಬಸ್ಸು ಹತ್ತಿದ್ದರು. ಇಡೀ ಮಧ್ಯಾಹ್ನ ಅವನು ನಿಲ್ದಾಣದ ಒಂದೊಂದು ಬಸ್ಸನ್ನೂ ಹತ್ತಿ ಇಳಿದಿದ್ದ. ಈಗ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ತಿಪ್ಪಮ್ಮ ಅವನ ತಲೆ ಸವರಿದರು. “ಯಾಕಪ್ಪ ಅಳ್ತೀಯ, ನೀರು ಸಿಗ್ಲಿಲ್ವಾ?”

ದಾವಣಗೆರೆ ಬಸ್ಸಿಗೆ ಅವರಿಬ್ಬರನ್ನೂ ಹತ್ತಿಸಿದೆವು. ಕಿಟಕಿಯಿಂದ ಅಜ್ಜಿ ಗೌರತ್ತೆಯ ಗಲ್ಲ ಮುಟ್ಟಿ, “ನಿಂದ್ಯಾವೂರವ್ವ?” ಎಂದು ಕೇಳಿದರು. “ನಲ್ಲೂರಕ್ಕ,” ಎನ್ನುವಷ್ಟರಲ್ಲಿ ಬಸ್ಸು ಹೊರಟಿತು.

ಬಸ್ಸು ಮರೆಯಾದ ಮೇಲೂ ಗೌರತ್ತೆ ಅಲ್ಲೇ ನಿಂತಿದ್ದಳು. “ಅತ್ತೆ, ಅವ್ರು ನಮಗೆ ಏನಾಗ್ಬೇಕು?” ಎಂದು ಕೇಳಿದೆ.

“ಇನ್ನೆರಡು ಮಾತು ಕೇಳಿದ್ರೆ ಏನಾರ ಆಗ್ತಿದ್ರು,” ಎಂದಳು ಬೇಸರದಿಂದ, “ಅಷ್ಟ್ರಾಗೆ ಬಸ್ ಹೊಂಟ್ಬಿಡ್ತು.”