ಅವಳ ಪರವಾಗಿ ಬಂದ ಉತ್ತರ

ಹಿರೇವಡ್ಡಟ್ಟಿಯ ನಾಗರತ್ನಾ ಮೆಣಸಿನಕಾಯಿ ತೊಟ್ಟು ಮುರಿಯಲು ಕೂತರೆ ಜೊತೆಯ ಹೆಂಗಸರು ನಕ್ಕು ನಕ್ಕು ಸೀನುತ್ತಿದ್ದರು. "ಇದೆಂಥಾ ಖಾರಲೇ, ನಮ್ಮತ್ತೀನ್ನ ಒಮ್ಮೆ ಮಾತಾಡ್ಸಿ ನೋಡ್ರಿ!" ಎನ್ನುವಳು ಅವಳು. ಅದೇ ಬಾಯಿ ಮನೆಯ ಹೊಸ್ತಿಲು ದಾಟಿದರೆ ಬಂದ್. ಗಂಡನ ಅಣ್ಣ ದ್ಯಾಮಪ್ಪ ಎದುರಾದರೆ ಸೆರಗು ಮುಖದ ಮೇಲೆ. ಊರು ಇದಕ್ಕೆ ಮರ್ಯಾದೆ ಎನ್ನುತ್ತದೆ.

ಕಳೆದ ಚಳಿಗಾಲ ಅವಳ ದೊಡ್ಡ ಕರುಳು ತಿರುಚಿಕೊಂಡು, ಗದಗಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕತ್ತರಿ ಕಂಡ ಕರುಳು ಕೆಲ ದಿನ ಮಲಗಿಬಿಡುತ್ತದೆ. ಎಬ್ಬಿಸಲು ನರ್ಸ್ ಖೈರುನಬಿ ಚ್ಯೂಯಿಂಗ್ ಗಮ್ ಕೊಟ್ಟಳು.

"ಜಗಿಯವ್ವಾ. ಜಗದ್ರ ಊಟ ಬಂತಂತ ಹೊಟ್ಟಿ ತಿಳಕೋತೈತಿ, ಹಾರ್ಮೋನ್ ಬಿಟ್ಟು ಕರುಳಿಗೆ ಖಬರ ಕೊಡ್ತೈತಿ. ಕೆಳಗಿಂದ ಗಾಳಿ ಸರದ್ರ ಕರುಳು ಎದ್ದೈತಿ ಅಂತ. ಅಲ್ಲೀತನಕ ಊಟಿಲ್ಲ."

ಬೆಳಿಗ್ಗೆ ಚಹಾ ಇಳಿದೊಡನೆ ನಾವೆಲ್ಲ ಚೊಂಬು ಹುಡುಕುತ್ತೇವಲ್ಲ, ಅದರ ಹಿಂದೆಯೂ ಜಠರ ಬಿಡುವ ಗ್ಯಾಸ್ಟ್ರಿನ್‌ನಂಥ ಹಾರ್ಮೋನುಗಳ ಕೈವಾಡವಿದೆ. ಆದರೆ ನಾಗರತ್ನಾಳನ್ನು ಮಾತಾಡಿಸಲು ದಿನವಿಡೀ ಹಿರಿಯರು ಬರುತ್ತಿದ್ದರು. "ಏನವಾ, ಎಮ್ಮಿಗತೆ ಮೆಲಕ ಹಾಕಾಕತ್ತಿ?" ಎಂದ ಒಬ್ಬ. ಆಮೇಲೆ ಯಾರ ಹೆಜ್ಜೆ ಕೇಳಿದರೂ ಗಮ್ ಬಾಯಿಂದ ಹೊದಿಕೆಯ ಅಂಚಿಗೆ ಹೋಗಿ ಅಂಟಿಕೊಳ್ಳುತ್ತಿತ್ತು.

ಮೂರನೆಯ ದಿನ ಡಾಕ್ಟರು ಹಾಳೆಯಿಂದ ಕಣ್ಣೆತ್ತದೆ ಕೇಳಿದರು: "ಗಾಳಿ ಹೋತೇನಮ್ಮಾ?"

ಗಂಡ ಲೋಹಿತ ಔಷಧ ತರಲು ಕೆಳಗಿಳಿದಿದ್ದ. ಮಂಚದ ಕಾಲಬಳಿ ದ್ಯಾಮಪ್ಪ. ಅವಳು ಮುಖ ತಿರುಗಿಸಿದಳು. ಮೂರು ದಿನ ಅನ್ನ ಕಾಣದ ತಮ್ಮನ ಹೆಂಡತಿಯನ್ನು ನೋಡಿ ಅವನ ಜೀವ ಚುರ್ ಎಂದಿತ್ತು.

"ಹೋಗೇತ್ರಿ ಸಾಹೇಬ್ರ. ಏನರ ತಿನ್ನಾಕ ಕೊಡ್ರಿ," ಎಂದು ಅವನೇ ಉತ್ತರ ಕೊಟ್ಟ.

ಡಾಕ್ಟರು ಊಟ ಕೊಡಬಹುದೆಂದು ಬರೆದು ಪಕ್ಕದ ಮಂಚಕ್ಕೆ ಹೋದರು. ಗಂಡಸನ್ನು ಹೊರಗೆ ಕಳಿಸಿ, ಪರದೆ ಎಳೆದು ಅವಳನ್ನೇ ಇನ್ನೊಮ್ಮೆ ಕೇಳಲು ಎಷ್ಟು ಹೊತ್ತು ಬೇಕಿತ್ತು? ಹೊಟ್ಟೆ ಅವಳದು, ಸಾಕ್ಷಿ ಮಾತ್ರ ಗಂಡಸಿನದು. ನಾಚಿಕೆಯಾಗಬೇಕು ನಮಗೆ.

ಮಧ್ಯಾಹ್ನ ದ್ಯಾಮಪ್ಪನೇ ನುಚ್ಚು, ಮಜ್ಜಿಗೆ ತಂದ. ಭಾವ ತಂದದ್ದನ್ನು ಬೇಡ ಎನ್ನುವುದು ಹೇಗೆ? ಉಂಡಳು. ಸಂಜೆಗೆ ಹೊಟ್ಟೆ ಉಬ್ಬಿ ಬಿಗಿಯಿತು. ವಾಂತಿಯಾಯಿತು, ಅದು ಶ್ವಾಸಕೋಶಕ್ಕೆ ಇಳಿಯಿತು. ಉಸಿರಿಗೆ ಒದ್ದಾಡುತ್ತಲೇ ಅವಳು ಮುಖಕ್ಕೆಳೆದಿದ್ದ ಹೊದಿಕೆ ಸರಿಸಿದಳು.

"ಹೋಗಿದ್ದಿಲ್ರಿ, ಭಾವಾರ."

ಮದುವೆಯಾದ ಹನ್ನೊಂದು ವರ್ಷದಲ್ಲಿ ಅವನೊಡನೆ ಅವಳಾಡಿದ ಮೊದಲ ಮಾತು ಅದು. ಬೆಳಗಾಗುವಷ್ಟರಲ್ಲಿ ತೀರಿಹೋದಳು.

ಸಮಾಧಾನ ಹೇಳಲು ಬಂದವರು "ಅಕಿ ಹಣ್ಯಾಗ ಬರದಿತ್ತು" ಎಂದರೆ ದ್ಯಾಮಪ್ಪ ಇವತ್ತಿಗೂ ಎದ್ದು ನಿಲ್ಲುತ್ತಾನೆ.

"ಹಣ್ಯಾಗಲ್ರೋ. ಕೇಳಿದ್ದು ಆಕೀನ್ನ. ಹೇಳಿದಾಂವ ನಾ."