ತಂಗಿಗೆ ಇಂಗ್ಲಿಷ್ ಕಲಿಸಿದ್ದು

ಬನಹಟ್ಟಿಯ ನಮ್ಮ ಮನೆಗೆ ಅಂಟಿಕೊಂಡೇ ಪಾವರ್‌ಲೂಮ್ ಶೆಡ್ ಇದೆ. ಮಗ್ಗಗಳು ಶುರುವಾದರೆ ಅಲ್ಲಿ ಕೂಗಿದ್ದೂ ಕೇಳುವುದಿಲ್ಲ; ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಾರೆ. ನನ್ನ ತಂಗಿ ಬುದ್ಧಿ ತಿಳಿದಾಗಿನಿಂದ ಅಲ್ಲೇ ಬೆಳೆದವಳು. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟ ಮೇಲೆ ದಿನವಿಡೀ ಮಗ್ಗದ ಮುಂದೆಯೇ ನಿಂತಳು. ಅದೊಂದು ವಿಷಯ ಪಾಸಾದರೆ ನರ್ಸಿಂಗ್ ಸೇರಬಹುದಿತ್ತು. ನಾನು ಚಿಮ್ಮಡದ ಶಾಲೆಯಲ್ಲಿ ಇಂಗ್ಲಿಷ್ ಟೀಚರ್, ಹಾಗಾಗಿ ಕಲಿಸುವ ಹೊಣೆ ಅಕ್ಕನಾದ ನನ್ನ ಮೇಲೆ ಬಿತ್ತು.

ನನಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ಮನೆಯ ಉದಾಹರಣೆಗಳಿಂದಲೇ ಪಾಠ ಶುರು ಮಾಡಿದೆ: ಅಪ್ಪ ಮಗ್ಗದ ರಿಪೇರಿಯನ್ನು ‘ಪುಟ್ ಆಫ್’ ಮಾಡುತ್ತಾನೆ, ಎಂದರೆ ಮುಂದೆ ಹಾಕುತ್ತಾನೆ. ಅವ್ವ ಒಲೆಯನ್ನು ‘ಪುಟ್ ಔಟ್’ ಮಾಡುತ್ತಾಳೆ, ಎಂದರೆ ಆರಿಸುತ್ತಾಳೆ. ಎದುರು ಕೂತು ಹೀಗೆ ಹೇಳಿದರೆ ತಂಗಿ ತಟ್ಟನೆ ಹಿಡಿಯುತ್ತಿದ್ದಳು. ಎದ್ದು ಗೋಡೆಯ ಹಲಗೆಯ ಮೇಲೆ ಬರೆಯುತ್ತ ಅದನ್ನೇ ಕೇಳಿದರೆ ಕೇಳಿದ್ದೊಂದಕ್ಕೆ ಇನ್ನೊಂದು ಉತ್ತರ, ಇಲ್ಲವೇ ಸುಮ್ಮನೆ ಕೂರುವುದು.

“ತಲ್ಯಾಗ ಹತ್ತಿ ತುಂಬೇತೇನ ಬೇ?” ಎಂದು ಚೀರುತ್ತಿದ್ದೆ. ಒಮ್ಮೆ ಸೀಮೆಸುಣ್ಣ ಎಸೆದೆ. ಅವಳು ಅದನ್ನು ಎತ್ತಿ ನನ್ನ ಕೈಗೇ ಕೊಟ್ಟಳು.

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವು. ನನ್ನ ಬೈಗುಳವೇ ಕೆಲಸ ಮಾಡಿತೆಂದು ಬೀಗಿದೆ.

ನರ್ಸಿಂಗ್ ಸಂದರ್ಶನಕ್ಕೆ ಜಮಖಂಡಿಗೆ ಇಬ್ಬರೂ ಹೋದೆವು. ಸಂದರ್ಶನ ಮಾಡಲು ಕೂತಿದ್ದ ಡಾಕ್ಟರಮ್ಮ ಮಾಸ್ಕ್ ಹಾಕಿಕೊಂಡಿದ್ದರು. “ನಿನ್ನ ಹೆಸರೇನವಾ?” ಎಂದು ಕನ್ನಡದಲ್ಲೇ ಕೇಳಿದರು. ತಂಗಿ ಸುಮ್ಮನಿದ್ದಳು. ಮತ್ತೆ ಕೇಳಿದರು. ಅವಳು ಕಂಗಾಲಾಗಿ ನನ್ನ ಮುಖ ನೋಡಿದಳು. ಡಾಕ್ಟರಮ್ಮ ಏನೋ ಯೋಚಿಸಿ ಮಾಸ್ಕ್ ಇಳಿಸಿ ಕೇಳಿದರು. ಹೆಸರು, ಊರು, ಇಂಗ್ಲಿಷಿನ ಪ್ರಶ್ನೆಗಳು, ಎಲ್ಲಕ್ಕೂ ಪಟಪಟ ಉತ್ತರ ಬಂತು. ನಾನು ಡಾಕ್ಟರಮ್ಮನ ಗದ್ದದ ಕೆಳಗಿಳಿದಿದ್ದ ಮಾಸ್ಕನ್ನೇ ನೋಡಿದೆ.

“ಭಾಳ ಶಾಣ್ಯಾ ಹುಡುಗಿ. ಆದ್ರ ಪೇಷಂಟ್ ಕರದ್ರ ಕೇಳಬೇಕಲ್ರೀ,” ಎಂದು ಅವರು ಕಾಗದಗಳನ್ನು ನನ್ನ ಕೈಗೆ ವಾಪಸು ಕೊಟ್ಟರು.

ಬಸ್ಸಿನಲ್ಲಿ, ಯಾವಾಗಿನಿಂದ ಹೀಗೆ ಎಂದು ಕೇಳಿದೆ.

“ಎರಡ ವರ್ಷ ಆತು. ನೀ ಹಲಗಿ ಕಡೆ ಮಾರಿ ತಿರುವಿದ ಕೂಡ್ಲೆ ನನಗ ಏನೂ ತಿಳೀತಿರಲಿಲ್ಲ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವೆಲ್ಲಾ ಓದಸೋದ ಬಿಡ್ತಿದ್ರಿ.”

ಅವಳು ಹೇಳಿದ್ದು ಖರೆ. ನಾವು ಬಿಡಿಸಿಯೇ ಬಿಡುತ್ತಿದ್ದೆವು. ಅಳು ತಡೆಯಲಾಗದೆ ಕಿಟಕಿಯ ಕಡೆ ತಿರುಗಿ, “ನಂದ ತಪ್ಪಾತವಾ,” ಎಂದೆ.

ತಂಗಿ ನನ್ನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

“ಅಕ್ಕಾ, ಇತ್ತಾಗ ಮಾರಿ ಮಾಡಿ ಹೇಳು. ಏನಂದಿ?”

ಎರಡನೇ ಸಲ ಹೇಳುವುದು ನನ್ನಿಂದ ಆಗಲಿಲ್ಲ.